ಹಳದಿ ನದಿಯ ನೀರಿನ ಹಂಚಿಕೆ

ಕಡಲಿಗೆ ಹರಿದುಹೋದ ನೀರು ವ್ಯರ್ಥವೆಂದು ನಾವು ಹೇಳುವುದುಂಟು. ಚೀನಾದ ಹಳದಿ ನದಿಯ ವೃತ್ತಾಂತವನ್ನು ಬಲ್ಲವರು ಹಾಗೆನ್ನಲು ಹಿಂಜರಿದಾರು. ಗಾಳಿ ತಂದೊಟ್ಟಿದ ಹುಡಿಮಣ್ಣನ್ನು ಕೊರೆದು ಹೊತ್ತು ತರುವ ಈ ನದಿಯು, ವೇಗ ಕುಗ್ಗಿದೊಡನೆ ಅದನ್ನು ಪಾತ್ರದಲ್ಲಿಯೇ ಇಳಿಸುತ್ತದೆ. ಹೀಗೆ ಉಬ್ಬುತ್ತ ಬಂದ ಪಾತ್ರವು ಕೆಳನಾಡಿನಲ್ಲಿ ಸುತ್ತಣ ಬಯಲಿಗಿಂತ ಎತ್ತರವಾಗಿದೆ. ಏರಿಯೊಡೆದರೆ ಊರೂರೇ ಮುಳುಗಬೇಕು. ಆದಕಾರಣ 1987ರ ಹಂಚಿಕೆಯಲ್ಲಿ, ಸರಾಸರಿ ವರ್ಷದ 5,800 ಕೋಟಿ ಘನ ಮೀಟರು ನೀರಿನಲ್ಲಿ 3,700 ಕೋಟಿಯನ್ನು ಪ್ರಾಂತಗಳಿಗೆ ಕೊಟ್ಟು, ಮಿಕ್ಕುದನ್ನು ಮುಖ್ಯವಾಗಿ ಹೂಳನ್ನು ಕಡಲಿಗೆ ತಳ್ಳಲೆಂದು ನದಿಗೇ ಬಿಟ್ಟರು. ಕಾಗದದ ಮೇಲೆ ಸೊಗಸಾದ ಲೆಕ್ಕ! ಆದರೆ ತೂಬುಗಳೆಲ್ಲ ಒಂದೇ ಕೈಯಲ್ಲಿರಲಿಲ್ಲ. 1997ರಲ್ಲಿ ಕೆಳಪಾತ್ರವು 226 ದಿನ ಬತ್ತಿತು. 1999ರಲ್ಲಿ ಮುಖ್ಯ ಜಲಾಶಯಗಳ ಬಿಡುಗಡೆಯನ್ನು ಒಂದೇ ಮಂಡಲಿಯ ಅಪ್ಪಣೆಗೆ ಒಳಪಡಿಸಿದ ತರುವಾಯವೇ ನದಿಯು ಮರಳಿ ಕಡಲನ್ನು ಮುಟ್ಟತೊಡಗಿತು.