ಗಿರಣಿಗಳ ನೆಲದಲ್ಲಿ ಹೊಸ ಉದ್ಯಮ: ಬಾರ್ಸಿಲೋನಾದ ಪೊಬ್ಲೆನೌ

ಸ್ಪೇನ್ ದೇಶದ ಬಾರ್ಸಿಲೋನಾ ನಗರದಲ್ಲಿ, ಮೆಡಿಟರೇನಿಯನ್ ಕಡಲಿಗೆ ಹೊಂದಿಕೊಂಡಂತೆ ಪೊಬ್ಲೆನೌ ಎಂಬ ಪ್ರದೇಶವಿದೆ. ಇಲ್ಲಿನ ಸುಮಾರು 200 ಹೆಕ್ಟೇರ್, ಅಂದರೆ 490 ಎಕರೆಯಷ್ಟು ಹಳೆಯ ಕೈಗಾರಿಕಾ ನೆಲವನ್ನು ಹೊಸ ಉದ್ಯಮಗಳ ನೆಲೆಯಾಗಿ ಮಾರ್ಪಡಿಸುವ ಯೋಜನೆಗೆ ನಗರ ಪಾಲಿಕೆ 2000ನೇ ಇಸವಿಯಲ್ಲಿ ಒಪ್ಪಿಗೆ ಕೊಟ್ಟಿತು. ಆಗ ಜೊವಾನ್ ಕ್ಲೋಸ್ ಮೇಯರ್ ಆಗಿದ್ದರು. ಯೋಜನೆಯ ಹೆಸರು 22@. ಯಾವ ಜಾಗದಲ್ಲಿ ಏನು ಕಟ್ಟಬಹುದು, ಎಷ್ಟು ಕಟ್ಟಬಹುದು ಎಂದು ನಿರ್ಧರಿಸುವ ಅಧಿಕಾರ ಹೆಚ್ಚಿನ ದೊಡ್ಡ ನಗರಾಡಳಿತಗಳಿಗೆ ಒಂದಲ್ಲ ಒಂದು ಬಗೆಯಲ್ಲಿ ಇರುತ್ತದೆ. ಆ ಅಧಿಕಾರವನ್ನೇ ಬಳಸಿ ಉದ್ಯಮವನ್ನು ಕರೆತಂದು, ಬಂದ ಲಾಭದಲ್ಲಿ ಊರಿನ ಪಾಲನ್ನು ನಿಯಮದಲ್ಲೇ ಬರೆದಿಟ್ಟದ್ದು ಈ ಯೋಜನೆಯ ಹೆಚ್ಚುಗಾರಿಕೆ.

ಗಿರಣಿಗಳ ಕಾಲ

ಪೊಬ್ಲೆನೌ 19ನೇ ಶತಮಾನದಲ್ಲಿ ಬಾರ್ಸಿಲೋನಾಕ್ಕೆ ಸೇರಿರಲಿಲ್ಲ. ಅದು ಸಾಂತ್ ಮಾರ್ತಿ ಎಂಬ ಪ್ರತ್ಯೇಕ ಪುರಸಭೆಯ ಭಾಗವಾಗಿತ್ತು. ಆ ಪುರಸಭೆ ಬಾರ್ಸಿಲೋನಾದಲ್ಲಿ ವಿಲೀನವಾದದ್ದು 1897ರಲ್ಲಿ. ಜೌಗು ನೆಲವಾದ್ದರಿಂದ ಜಾಗ ಅಗ್ಗವಾಗಿತ್ತು, ಸ್ವಲ್ಪ ಅಗೆದರೆ ನೀರು ಸಿಗುತ್ತಿತ್ತು, ಬಂದರು ಸಮೀಪದಲ್ಲೇ ಇತ್ತು. ಹತ್ತಿ ಬಟ್ಟೆಯನ್ನು ತೊಳೆದು, ಬಿಳುಪು ಮಾಡಿ, ಬಣ್ಣದ ಅಚ್ಚು ಹಾಕುವವರಿಗೆ ಬೇಕಾದದ್ದೂ ಇಷ್ಟೇ. 1848ರಲ್ಲಿ ಬಾರ್ಸಿಲೋನಾದಿಂದ ಮತಾರೊ ಪಟ್ಟಣಕ್ಕೆ ಹಾಕಿದ ರೈಲು ಹಳಿ, ಐಬೀರಿಯಾ ಪರ್ಯಾಯ ದ್ವೀಪದಲ್ಲೇ ಮೊದಲನೆಯದು, ಇದೇ ಕರಾವಳಿಯಲ್ಲಿ ಹಾದುಹೋಯಿತು. ನೂಲಿನ ಗಿರಣಿ, ಚರ್ಮ ಹದಮಾಡುವ ಕಾರ್ಖಾನೆ, ಹಿಟ್ಟಿನ ಗಿರಣಿ, ಲೋಹದ ಕಾರ್ಖಾನೆಗಳು ಒತ್ತೊತ್ತಾಗಿ ತಲೆಯೆತ್ತಿದವು. ಇಂಗ್ಲೆಂಡಿನ ಬಟ್ಟೆ ಗಿರಣಿಗಳ ನಗರವನ್ನು ನೆನೆದು ಜನ ಇದನ್ನು ಕ್ಯಾಟಲೋನಿಯಾದ ಮ್ಯಾಂಚೆಸ್ಟರ್ ಎಂದು ಕರೆದರು. ಗಿರಣಿಗಳ ಸಂದುಗಳಲ್ಲೇ ಕಾರ್ಮಿಕರ ಮನೆಗಳು, ಸಹಕಾರ ಸಂಘಗಳು ಬೆಳೆದವು.

1960ರ ದಶಕದಿಂದ ಈ ಚಿತ್ರ ಬದಲಾಯಿತು. ದೊಡ್ಡ ಕಾರ್ಖಾನೆಗಳು ವಿಶಾಲ ಜಾಗ ಹುಡುಕಿಕೊಂಡು ನಗರದ ಹೊರಗಿನ ಕೈಗಾರಿಕಾ ವಲಯಗಳಿಗೆ ಹೋದವು. 1970ರ ದಶಕದ ಆರ್ಥಿಕ ಬಿಕ್ಕಟ್ಟಿನಲ್ಲಿ ಉಳಿದವುಗಳಲ್ಲಿ ಅನೇಕವು ಬಾಗಿಲು ಹಾಕಿದವು. 1963ರಿಂದ 1990ರ ನಡುವೆ ಪೊಬ್ಲೆನೌ 1,300ಕ್ಕೂ ಹೆಚ್ಚು ಉದ್ದಿಮೆಗಳನ್ನು ಕಳೆದುಕೊಂಡಿತು. ಖಾಲಿಯಾದ ಆವರಣಗಳಲ್ಲಿ ಲಾರಿ ನಿಲ್ದಾಣಗಳೂ ಗೋದಾಮುಗಳೂ ಬಂದವು. ಕಡಿಮೆ ಬಾಡಿಗೆಗೆ ದೊಡ್ಡ ಜಾಗ ಸಿಗುತ್ತಿದ್ದರಿಂದ ಕಲಾವಿದರು ಹಳೆಯ ಗಿರಣಿಗಳಲ್ಲಿ ಕಾರ್ಯಾಗಾರ ತೆರೆದರು.

ವಸತಿಯೋ, ದುಡಿಮೆಯೋ

1992ರ ಒಲಿಂಪಿಕ್ಸ್ ಪೊಬ್ಲೆನೌ ಕಡೆಗೆ ನಗರದ ಗಮನ ತಿರುಗಿಸಿತು. ಕಡಲ ತೀರ ಹಸನಾಯಿತು. ಗಿರಣಿಗಳಿದ್ದ ಒಂದು ಭಾಗದಲ್ಲಿ ಕ್ರೀಡಾಪಟುಗಳಿಗೆಂದು ಕಟ್ಟಿದ ಒಲಿಂಪಿಕ್ ಗ್ರಾಮ ಕ್ರೀಡಾಕೂಟದ ನಂತರ ವಸತಿ ಬಡಾವಣೆಯಾಯಿತು. 1999ರಲ್ಲಿ ನಗರವನ್ನು ಓರೆಯಾಗಿ ಸೀಳುವ ದಿಯಾಗೊನಾಲ್ ಹೆಬ್ಬೀದಿ ಕಡಲಿನವರೆಗೆ ಮುಟ್ಟಿತು. ಇಲ್ಲಿನ ನೆಲಕ್ಕೆ ಬೆಲೆ ಬಂತು. ಉಳಿದ ಕಾರ್ಖಾನೆ ಜಾಗವನ್ನೂ ಮನೆಗಳಿಗೆ ಬಿಟ್ಟುಕೊಡುವುದು ಸುಲಭದ ದಾರಿಯಾಗಿತ್ತು. ಆದರೆ ಹಾಗೆ ಮಾಡಿದರೆ ನಗರದ ಒಳಗೆ ದುಡಿಮೆಯ ಜಾಗವೇ ಉಳಿಯುವುದಿಲ್ಲ ಎಂಬ ಯೋಚನೆ ಪಾಲಿಕೆಯಲ್ಲಿ ಮೇಲುಗೈ ಪಡೆಯಿತು. ಮಾಹಿತಿ ತಂತ್ರಜ್ಞಾನ, ವಿನ್ಯಾಸ, ಮಾಧ್ಯಮ, ಸಂಶೋಧನೆಯಂಥ ಕೆಲಸಗಳಿಗೆ ಹೊಗೆಯೂ ಇಲ್ಲ, ಸದ್ದೂ ಇಲ್ಲ; ಅವು ಮನೆ, ಅಂಗಡಿ, ಶಾಲೆಗಳ ಪಕ್ಕದಲ್ಲೇ ನಡೆಯಬಲ್ಲವು. ಹಾಗಾಗಿ ಪಾಲಿಕೆ ದುಡಿಮೆಯನ್ನು ಉಳಿಸಿಕೊಂಡು, ಅದರ ಬಗೆಯನ್ನು ಬದಲಾಯಿಸಲು ಹೊರಟಿತು.

ಕೊಟ್ಟು ಪಡೆಯುವ ನಿಯಮ

1976ರ ಮಹಾನಗರ ಯೋಜನೆಯಲ್ಲಿ ಪೊಬ್ಲೆನೌ '22ಎ' ಎಂಬ ಕೈಗಾರಿಕಾ ವಲಯವಾಗಿತ್ತು. ಅಲ್ಲಿನ ನೆಲ ಕೈಗಾರಿಕಾ ಬಳಕೆಗೆ ಮೀಸಲಾಗಿತ್ತು. ಹೊಸ ಯೋಜನೆ ಆ ಸಂಕೇತವನ್ನು 22@ ಎಂದು ಬದಲಿಸಿತು. ಅದರ ಜೊತೆಗೆ ಲೆಕ್ಕಾಚಾರವನ್ನೂ ಬದಲಿಸಿತು. ಮೊದಲು ಒಂದು ಚದರ ಮೀಟರ್ ನೆಲಕ್ಕೆ ಎರಡು ಚದರ ಮೀಟರ್ ಕಟ್ಟಡಕ್ಕೆ ಅನುಮತಿ ಇತ್ತು. ಹೊಸ ನಿಯಮ ಇದನ್ನು 2.2ಕ್ಕೆ ಏರಿಸಿತು. ಜ್ಞಾನಾಧಾರಿತ ಉದ್ಯಮಗಳಿಗೆ ಜಾಗ ಕೊಟ್ಟರೆ ಇನ್ನೂ 0.5, ಸಹಾಯಧನದ ಮನೆಗಳಿಗಾಗಿ 0.3 ಸೇರಿ ಒಟ್ಟು 3ರವರೆಗೆ ಕಟ್ಟಬಹುದಾಯಿತು. ಬೆಂಗಳೂರಿನಂಥ ನಗರಗಳಲ್ಲಿ ಎಫ್‌ಎಆರ್ ಎಂದು ಪರಿಚಿತವಾಗಿರುವ ಲೆಕ್ಕವೇ ಇದು.

ಹೆಚ್ಚುವರಿ ಕಟ್ಟಡದ ಹಕ್ಕು ಪುಕ್ಕಟೆಯಾಗಿ ಬರಲಿಲ್ಲ. ಹೊಸ ನಿಯಮದಡಿ ಅಭಿವೃದ್ಧಿಯಾಗುವ ನೆಲದಲ್ಲಿ ಸುಮಾರು ಶೇ 30ರಷ್ಟನ್ನು ಮಾಲೀಕರು ಪಾಲಿಕೆಗೆ ಬಿಟ್ಟುಕೊಡಬೇಕಿತ್ತು. ಒಂದು ಪಾಲು ಉದ್ಯಾನ ಮತ್ತು ಹಸಿರಿಗೆ, ಇನ್ನೊಂದು ಪಾಲು ಕೈಗೆಟುಕುವ ಮನೆಗಳಿಗೆ, ಮತ್ತೊಂದು ಪಾಲು ತರಬೇತಿ, ಸಂಶೋಧನೆ ಮೊದಲಾದ ಸಾರ್ವಜನಿಕ ಸೌಲಭ್ಯಗಳಿಗೆ. ಮೂಲಸೌಕರ್ಯದ ವೆಚ್ಚದಲ್ಲೂ ಮಾಲೀಕರು ಭಾಗ ಹೊರಬೇಕಿತ್ತು. ಸರ್ಕಾರ ನಿಯಮ ಬದಲಿಸಿದ್ದರಿಂದ ಏರಿದ ಭೂಮಿಯ ಬೆಲೆಯಲ್ಲಿ ಒಂದು ಭಾಗ ಹೀಗೆ ಸಾರ್ವಜನಿಕರಿಗೆ ಮರಳಿತು. ಹಳೆಯ ನಿಯಮದ ಪ್ರಕಾರ ಅಕ್ರಮ ಎನಿಸಿಕೊಂಡು ದಶಕಗಳ ಕಾಲ ತೂಗುಯ್ಯಾಲೆಯಲ್ಲಿದ್ದ 4,600ಕ್ಕೂ ಹೆಚ್ಚು ಹಳೆಯ ಮನೆಗಳಿಗೆ ಮಾನ್ಯತೆ ದೊರೆಯಿತು. ಸುಮಾರು 4,000 ಹೊಸ ಸಹಾಯಧನದ ಮನೆಗಳ ಗುರಿಯೂ ಯೋಜನೆಯಲ್ಲಿ ಸೇರಿತು.

ಇಡೀ ಪ್ರದೇಶವನ್ನು ಒಮ್ಮೆಗೇ ಕೆಡವಿ ಕಟ್ಟುವ ವಿಚಾರವನ್ನು ಪಾಲಿಕೆ ಕೈಗೆತ್ತಿಕೊಳ್ಳಲಿಲ್ಲ. ಎಂಜಿನಿಯರ್ ಇಲ್ದೆಫೋನ್ಸ್ ಸೆರ್ದಾ 1859ರಲ್ಲಿ ರೂಪಿಸಿದ ಚೌಕ ಚೌಕದ ಬೀದಿ ವಿನ್ಯಾಸ ಹಾಗೆಯೇ ಉಳಿಯಿತು. ಒಂದೊಂದು ಚೌಕದಲ್ಲಿ ಮಾಲೀಕರು ಮುಂದೆ ಬಂದಂತೆ ಕೆಲಸ ನಡೆಯಿತು. ಆದ್ದರಿಂದ ಇಂದಿಗೂ ಒಂದೇ ಬೀದಿಯಲ್ಲಿ ಗಾಜಿನ ಕಚೇರಿ, ಇಟ್ಟಿಗೆಯ ಹೊಗೆಕೊಳವೆ, ನಾಲ್ಕು ಮಹಡಿಯ ಹಳೆಯ ಮನೆ ಅಕ್ಕಪಕ್ಕ ಕಾಣಸಿಗುತ್ತವೆ.

ಬೀದಿಯ ಕೆಳಗಿನ ಕೆಲಸ

ಮೂಲಸೌಕರ್ಯಕ್ಕಾಗಿಯೇ 18 ಕೋಟಿ ಯೂರೊ ವೆಚ್ಚದ ವಿಶೇಷ ಯೋಜನೆ ಸಿದ್ಧವಾಯಿತು. 35 ಕಿ.ಮೀ.ಗೂ ಹೆಚ್ಚು ಉದ್ದದ ಬೀದಿಗಳನ್ನು ಅಗೆದು ಹೊಸದಾಗಿ ರೂಪಿಸುವ ಗುರಿ ಅದರದು. ವಿದ್ಯುತ್ ಮತ್ತು ಆಪ್ಟಿಕಲ್ ಫೈಬರ್ ತಂತಿಗಳಿಗೆ ನೆಲದಡಿ ಕೊಳವೆಗಳು ಬಂದವು. ಕಸವನ್ನು ಗಾಳಿಯ ಒತ್ತಡದಿಂದ ಕೊಳವೆಗಳ ಮೂಲಕ ಎಳೆದುಕೊಳ್ಳುವ ವ್ಯವಸ್ಥೆಯೂ ಬಂತು. ಪಕ್ಕದ ಸಾಂತ್ ಆದ್ರಿಯಾದಲ್ಲಿ ಕಸ ಸುಡುವ ಘಟಕದಿಂದ ಹೊರಬರುವ ಹಬೆಯನ್ನು ಬಳಸಿ ಕಟ್ಟಡಗಳಿಗೆ ಬಿಸಿನೀರು ಮತ್ತು ತಣ್ಣೀರು ಹಂಚುವ ಕೇಂದ್ರೀಕೃತ ಜಾಲ 2004ರಿಂದ ಕೆಲಸ ಮಾಡುತ್ತಿದೆ. ಇದರಿಂದ ಪ್ರತಿ ಕಟ್ಟಡವೂ ತನ್ನದೇ ಬಾಯ್ಲರ್, ತನ್ನದೇ ಎ.ಸಿ. ಯಂತ್ರ ಇಟ್ಟುಕೊಳ್ಳುವ ಅಗತ್ಯ ತಪ್ಪಿತು.

ಕಂಪನಿ, ಕಾಲೇಜು, ಆಸರೆ

ಯೋಜನೆಯ ನಿರ್ವಹಣೆಗೆ ಪಾಲಿಕೆ ತನ್ನದೇ ಒಂದು ಕಂಪನಿಯನ್ನು ಸ್ಥಾಪಿಸಿತು. ಮಾಧ್ಯಮ, ಮಾಹಿತಿ ತಂತ್ರಜ್ಞಾನ, ವೈದ್ಯಕೀಯ ತಂತ್ರಜ್ಞಾನ, ಇಂಧನ, ವಿನ್ಯಾಸ ಎಂಬ ಐದು ಕ್ಷೇತ್ರಗಳನ್ನು ಅದು ಆರಿಸಿಕೊಂಡು, ಪ್ರತಿ ಕ್ಷೇತ್ರದಲ್ಲೂ ಕಂಪನಿ, ಸಂಶೋಧನಾ ಸಂಸ್ಥೆ ಮತ್ತು ವಿಶ್ವವಿದ್ಯಾಲಯ ಒಂದೇ ಕಡೆ ಸೇರುವಂತೆ ಪ್ರಯತ್ನಿಸಿತು. ಪೊಂಪೆವು ಫಾಬ್ರಾ ವಿಶ್ವವಿದ್ಯಾಲಯದ ಸಂವಹನ ಮತ್ತು ತಂತ್ರಜ್ಞಾನ ವಿಭಾಗಗಳು ಕಾ ಲಾರಾನ್ಯೋ ಎಂಬ ಹಳೆಯ ಬಟ್ಟೆ ಗಿರಣಿಯ ಆವರಣಕ್ಕೆ ಬಂದವು.

ಸಣ್ಣವರ ಆಸರೆಗೆ ಪಾಲಿಕೆಯ ಮತ್ತೊಂದು ಸಂಸ್ಥೆ ಮೊದಲೇ ಇತ್ತು. ನಿರುದ್ಯೋಗ ತೀವ್ರವಾಗಿದ್ದ 1986ರಲ್ಲಿ ಹುಟ್ಟಿದ 'ಬಾರ್ಸಿಲೋನಾ ಆಕ್ತಿವಾ', ಒಲಿವೆಟ್ಟಿ ಟೈಪ್‌ರೈಟರ್ ಕಂಪನಿಯ ಹಳೆಯ ಕಾರ್ಖಾನೆಯಲ್ಲಿ ಹೊಸ ಉದ್ಯಮಿಗಳಿಗೆ ಜಾಗ, ತರಬೇತಿ, ಸಲಹೆ ಕೊಡತೊಡಗಿತು. ಉದ್ಯಮದ ಆಲೋಚನೆ ಹೊತ್ತು ಬಂದವರಿಗೆ ವ್ಯವಹಾರದ ಯೋಜನೆ ಬರೆಯಲು ಕಲಿಸುವುದರಿಂದ ಹಿಡಿದು ಹಣಕಾಸಿನ ದಾರಿ ತೋರಿಸುವವರೆಗೆ ಅದರ ಕೆಲಸ ಹಬ್ಬಿದೆ. ಕಟ್ಟಡ ನಿಯಮಗಳು ದೊಡ್ಡ ಹೂಡಿಕೆದಾರರನ್ನು ತಂದರೆ, ಮೊದಲ ಬಾರಿ ಅಂಗಡಿ ತೆರೆಯುವವರ ಕೈಹಿಡಿದದ್ದು ಈ ಸಂಸ್ಥೆ.

ಪಾಲಿಕೆಯ ಲೆಕ್ಕದ ಪ್ರಕಾರ ಮೊದಲ ಹತ್ತು ವರ್ಷಗಳಲ್ಲಿ ಸುಮಾರು 4,500 ಸಂಸ್ಥೆಗಳು ಇಲ್ಲಿ ನೆಲೆಗೊಂಡವು. ದುಡಿಯುವವರ ಸಂಖ್ಯೆಗೆ 50,000ಕ್ಕೂ ಹೆಚ್ಚು ಜನ ಸೇರಿದರು. ಯುರೋಪಿಯನ್ ಆಯೋಗ 2014ರಲ್ಲಿ ಮೊದಲ ಬಾರಿ ಕೊಟ್ಟ 'ನಾವೀನ್ಯದ ರಾಜಧಾನಿ' ಪ್ರಶಸ್ತಿ ಬಾರ್ಸಿಲೋನಾಕ್ಕೆ ಸಂದಿತು. ಅಮೆರಿಕದ ಬಾಸ್ಟನ್, ಕೊಲಂಬಿಯಾದ ಮೆಡೆಯಿನ್ ನಗರಗಳು ತಮ್ಮ ನಾವೀನ್ಯ ವಲಯಗಳನ್ನು ರೂಪಿಸುವಾಗ ಪೊಬ್ಲೆನೌ ಕಡೆ ನೋಡಿದವು.

ವಿರೋಧ ಮತ್ತು ತಿದ್ದುಪಡಿ

ಪೊಬ್ಲೆನೌ ನಿವಾಸಿಗಳು ಎಲ್ಲವನ್ನೂ ಒಪ್ಪಿಕೊಳ್ಳಲಿಲ್ಲ. ಕಾನ್ ರಿಕಾರ್ತ್ ಎಂಬ 19ನೇ ಶತಮಾನದ ಬಟ್ಟೆ ಕಾರ್ಖಾನೆಯಲ್ಲಿದ್ದ ಸಣ್ಣ ಕಾರ್ಯಾಗಾರಗಳನ್ನೂ ಕಲಾವಿದರನ್ನೂ 2005ರ ಹೊತ್ತಿಗೆ ತೆರವುಗೊಳಿಸಲು ಹೊರಟಾಗ ನೆರೆಹೊರೆಯವರು ಬೀದಿಗಿಳಿದರು. ಹೊಸ ಉದ್ಯಮದ ಹೆಸರಿನಲ್ಲಿ, ಚೆನ್ನಾಗಿ ನಡೆಯುತ್ತಿದ್ದ ಹಳೆಯ ಉದ್ಯೋಗಗಳನ್ನು ಹೊರಗಟ್ಟಬಾರದು ಎಂಬುದು ಅವರ ವಾದ. ಈ ಹೋರಾಟದ ಫಲವಾಗಿ 2006ರಲ್ಲಿ 114 ಕೈಗಾರಿಕಾ ಸ್ಮಾರಕಗಳನ್ನು ರಕ್ಷಿಸುವ ಪಟ್ಟಿ ಸಿದ್ಧವಾಯಿತು. ಕಾನ್ ಫ್ರಾಮಿಸ್ ಎಂಬ ಹಳೆಯ ಕಾರ್ಖಾನೆ 2009ರಲ್ಲಿ ಚಿತ್ರಕಲಾ ಸಂಗ್ರಹಾಲಯವಾಗಿ ತೆರೆದುಕೊಂಡಿತು.

ಬಾಡಿಗೆಯ ಪ್ರಶ್ನೆ ಇನ್ನೂ ಕಠಿಣ. ಕಚೇರಿಗಳು ಬೇಗ ಎದ್ದವು, ಸಹಾಯಧನದ ಮನೆಗಳು ನಿಧಾನವಾಗಿ ಬಂದವು. ಕಡಲತೀರದ ಆಕರ್ಷಣೆ, ಪ್ರವಾಸಿಗರ ಒತ್ತಡ ಸೇರಿ ಹಳೆಯ ಬಾಡಿಗೆದಾರರಿಗೆ ಊರು ದುಬಾರಿಯಾಯಿತು. ನಿವಾಸಿಗಳು, ಉದ್ಯಮಿಗಳು, ವಿಶ್ವವಿದ್ಯಾಲಯಗಳೊಡನೆ ನಡೆದ ದೀರ್ಘ ಚರ್ಚೆಯ ನಂತರ 2018ರಲ್ಲಿ ಒಂದು ಒಪ್ಪಂದ ಆಯಿತು. ಅದನ್ನು ಅನುಸರಿಸಿ ನಡೆದ ತಿದ್ದುಪಡಿಯಲ್ಲಿ ವಸತಿಯ ಪಾಲನ್ನು ಹೆಚ್ಚಿಸಲಾಯಿತು. 2016ರಲ್ಲಿ ಕೆಲವು ಚೌಕಗಳ ಒಳಬೀದಿಗಳಿಂದ ಹಾದುಹೋಗುವ ವಾಹನಗಳನ್ನು ಹೊರಗಿಟ್ಟು ನಡೆಯುವವರಿಗೂ ಮಕ್ಕಳ ಆಟಕ್ಕೂ ಬಿಟ್ಟ ಪ್ರಯೋಗವೂ ಇಲ್ಲೇ ನಡೆಯಿತು. ಮೊದಲು ಅದಕ್ಕೂ ಪ್ರತಿರೋಧ ಬಂದಿತ್ತು.

ಪೊಬ್ಲೆನೌ ಯೋಜನೆ ಎರಡು ದಶಕ ದಾಟಿಯೂ ಪೂರ್ತಿಯಾಗಿಲ್ಲ. ಉತ್ತರ ಭಾಗದ ಹಲವು ಚೌಕಗಳು ಬದಲಾವಣೆಗೆ ಕಾದಿವೆ. ಮೇಯರ್‌ಗಳು, ಪಕ್ಷಗಳು ಬದಲಾದರೂ ಯೋಜನೆಯ ಬೆನ್ನೆಲುಬು ಮುರಿಯಲಿಲ್ಲ. ಜನರ ದೂರುಗಳಿಗೆ ನಿಯಮ ಬಾಗಿತು. ಉದ್ಯಮಕ್ಕೆ ಬೇಕಾದ ನೆಲ, ತಂತಿ, ತರಬೇತಿಯನ್ನು ಒದಗಿಸಿ, ಪ್ರತಿಯಾಗಿ ಮನೆ, ಉದ್ಯಾನ, ಶಾಲೆಗಳಿಗೆ ಜಾಗ ಕೇಳುವ ಧೈರ್ಯ ಸ್ಥಳೀಯ ಆಡಳಿತಕ್ಕೆ ಇರಬೇಕು ಎಂಬುದಕ್ಕೆ ಈ 490 ಎಕರೆ ನೆಲ ಒಂದು ಗಟ್ಟಿ ಉದಾಹರಣೆ.