ಹಳ್ಳಿಯ ಕೂಸಿನ ಆಹಾರವೂ ದಾದಿಯ ಕೊರತೆಯೂ



ಹುಳಿಯಾರಿನಿಂದ ಯಾವ ದಿಕ್ಕಿಗೆ ಹೊರಟರೂ ತೆಂಗಿನ ತೋಟಗಳೇ ಎದುರಾಗುತ್ತವೆ. ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಿದ ಕೊಬ್ಬರಿಯು ತಿಪಟೂರಿನ ಮಾರುಕಟ್ಟೆಯನ್ನು ಸೇರಿ, ಅಲ್ಲಿಂದ ಉತ್ತರದೇಶಕ್ಕೆ ಹೋಗುತ್ತದೆ. ಹೊಲಗಳಲ್ಲಿ ರಾಗಿಯೂ ಅವರೆಯೂ ಬೆಳೆಯುತ್ತವೆ. ಇಂತಹ ಸೀಮೆಯಲ್ಲಿ ಎಳೆಮಕ್ಕಳು ಪುಷ್ಟಿಯಿಲ್ಲದೆ ಸೊರಗುವರೆಂದರೆ ನಂಬುವುದು ಕಷ್ಟ. ಆದರೆ 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಸುಮಾರು 35 ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರೆಂದು ತಿಳಿಸಿತು.

ಇದರ ಕಾರಣವನ್ನು ಅರಿಯಬೇಕಾದರೆ ಕೂಸಿನ ಎರಡನೆಯ ಅರ್ಧವರ್ಷವನ್ನು ನೋಡಬೇಕು. ಆರು ತಿಂಗಳು ತುಂಬುವವರೆಗೆ ತಾಯಿಯ ಹಾಲೊಂದೇ ಸಾಕು, ನೀರೂ ಬೇಡ. ಅನಂತರ ಆ ಹಾಲಿನೊಡನೆ ಬೇರೆ ಆಹಾರವೂ ಬೇಕು. ಆದರೆ ಕೂಸಿನ ಜಠರವು ಒಂದು ಸಣ್ಣ ಲೋಟದಷ್ಟನ್ನೇ ಹಿಡಿಯಬಲ್ಲದು. ಬರಿಯ ಹಿಟ್ಟಿನಿಂದ ಮಾಡಿದ ರಾಗಿ ಸರಿಯು ಬೇಗನೆ ಗಟ್ಟಿಯಾಗುತ್ತದೆ. ಮಗು ನುಂಗಲಾರದೆಂದು ತಾಯಿ ನೀರು ಬೆರೆಸುತ್ತಾಳೆ. ಹೊಟ್ಟೆಯೇನೋ ತುಂಬುತ್ತದೆ, ತುಂಬಿದುದು ಬಹುಪಾಲು ನೀರು.

ಇದಕ್ಕೆ ಪರಿಹಾರವು ನಮ್ಮ ಅಜ್ಜಿಯರು ಬಲ್ಲ ಮೊಳಕೆ ರಾಗಿ. ರಾಗಿಯನ್ನು ತೊಳೆದು, ಒಂದು ರಾತ್ರಿ ನೆನೆಯಿಟ್ಟು, ಒದ್ದೆ ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ಒಣಗಿಸಿ, ಸೀಯದಂತೆ ಹದವಾಗಿ ಹುರಿದು, ಬೀಸಿ, ವಸ್ತ್ರಗಾಳಿತ ಮಾಡಬೇಕು. ಮೊಳೆಯುವ ಕಾಳಿನಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವವು ಪಿಷ್ಟವನ್ನು ಒಡೆಯುತ್ತದೆ. ಆದುದರಿಂದ ಹಿಟ್ಟನ್ನು ಹೆಚ್ಚಾಗಿ ಹಾಕಿದರೂ ಸರಿಯು ತೆಳುವಾಗಿ ಉಳಿಯುತ್ತದೆ. ಅದೇ ಲೋಟದಲ್ಲಿ ಹೆಚ್ಚು ಸತ್ತ್ವವು ಮಗುವಿಗೆ ಸಲ್ಲುತ್ತದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದ್ದು, ಎಲುಬು ಬೆಳೆಯಲು ಅದು ನೆರವಾಗುತ್ತದೆ. ಇದಕ್ಕೆ ಒಂದೆರಡು ಚಮಚ ಗಟ್ಟಿ ಕಾಯಿಹಾಲನ್ನು ಬೆರೆಸಿದರೆ ಶಕ್ತಿಯು ಹೆಚ್ಚುವುದು. ಜಿಡ್ಡಿನ ಒಂದು ಗ್ರಾಮಿನಲ್ಲಿ 9 ಕ್ಯಾಲರಿ, ಪಿಷ್ಟದಲ್ಲಿ 4 ಮಾತ್ರ. ಮೈ ಬೆಳೆಯಲು ಬೇಕಾದ ಸಸಾರಜನಕವನ್ನು ಮಸೆದ ಬೇಳೆ, ಹಾಲು, ಒಪ್ಪುವವರ ಮನೆಯಲ್ಲಿ ಮೊಟ್ಟೆ ಒದಗಿಸುತ್ತವೆ. ನುಣ್ಣಗೆ ಬೇಯಿಸಿದ ಸೊಪ್ಪಿಗೆ ನಾಲ್ಕು ತೊಟ್ಟು ನಿಂಬೆರಸ ಸೇರಿದರೆ ಅದರ ಕಬ್ಬಿಣಾಂಶವು ಮೈಗೆ ಹತ್ತುತ್ತದೆ.

ಹಾಗಾದರೆ ಕೊರತೆಯೆಲ್ಲಿ? ಈ ತಿಳಿವಳಿಕೆಯನ್ನು ಮನೆಬಾಗಿಲಿಗೆ ತರುವವರಲ್ಲಿ. 1946ರಲ್ಲಿ ವರದಿಯನ್ನೊಪ್ಪಿಸಿದ ಭೋರ್ ಸಮಿತಿಯು ಅಂದಿನ ಭಾರತದಲ್ಲಿ 43,000 ಜನಕ್ಕೆ ಒಬ್ಬಳೇ ದಾದಿಯಿದ್ದುದನ್ನು ಎತ್ತಿ ತೋರಿಸಿತು. ಆ ಸ್ಥಿತಿಯು ಬಹಳ ಸುಧಾರಿಸಿದೆ. 1975ರಲ್ಲಿ ಕರ್ನಾಟಕದ ಮೊದಲ ಶಿಶು ಅಭಿವೃದ್ಧಿ ಯೋಜನೆಯು ತಿರುಮಕೂಡಲು ನರಸೀಪುರದಲ್ಲಿ ಪ್ರಾರಂಭವಾಗಿ, ಅಂಗನವಾಡಿಗಳು ಊರೂರಿಗೆ ಹಬ್ಬಿದವು. ಬಯಲುಸೀಮೆಯಲ್ಲಿ 5000 ಜನಕ್ಕೊಂದು ಆರೋಗ್ಯ ಉಪಕೇಂದ್ರವಿರಬೇಕೆಂಬುದು ನಿಯಮ. ಆದರೂ ಲೆಕ್ಕ ಹಾಕಿ ನೋಡಿ: ಅಷ್ಟು ಜನರಲ್ಲಿ ವರ್ಷಕ್ಕೆ ಸುಮಾರು 80 ಕೂಸುಗಳು ಹುಟ್ಟುತ್ತವೆ. ಬಸುರಿ, ಬಾಣಂತಿ, ಚುಚ್ಚುಮದ್ದು, ದಾಖಲೆ ಪುಸ್ತಕ, ಇವೆಲ್ಲವೂ ಜನರು ನರ್ಸಮ್ಮನೆಂದು ಕರೆಯುವ ಒಬ್ಬಾಕೆಯ ಹೊಣೆ. ನೆರೆಯ ಸ್ಥಾನವು ತೆರವಾಗಿದ್ದರೆ ಅದರ ಭಾರವೂ ಆಕೆಯ ಮೇಲೆಯೇ. ದೂರದ ಹಟ್ಟಿ, ಒಂಟಿ ತೋಟದ ಮನೆಗಳಿಗೆ ಆಕೆ ಹೋಗುವುದು ತಡವಾಗುತ್ತದೆ. ಕೂಸಿನ ತೂಕವು ಎರಡು ತಿಂಗಳು ಏರದೆ ನಿಂತರೂ ತಾಯಿಯ ಕಣ್ಣಿಗೆ ಅದು ತೋರದು. ತಕ್ಕಡಿಗೆ ಮಾತ್ರ ತೋರುತ್ತದೆ. ಆರು ತಿಂಗಳು ದಾಟಿದ ಮಗುವಿನ ತೋಳಿನ ಸುತ್ತಳತೆಯು 11.5 ಸೆಂಟಿಮೀಟರಿಗಿಂತ ಕಡಮೆಯಾದರೆ ಅದು ಪ್ರಾಣಾಪಾಯದ ಸೂಚನೆ. ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಮನೆಯ ಅಡಿಗೆಯು ದಾದಿಯ ಸ್ಥಾನವನ್ನು ತುಂಬಲಾರದು; ದಾದಿಯೊಬ್ಬಳೇ ಮನೆಯ ಅಡಿಗೆಯನ್ನು ತಿದ್ದಲಾರಳು. ತೆರವಾದ ಸ್ಥಾನಗಳನ್ನು ತುಂಬಿರೆಂದು ಗ್ರಾಮಸಭೆಯಲ್ಲಿ ಕೇಳುವುದು ಊರಿನ ಹಿರಿಯರ ಕರ್ತವ್ಯ. ಕೊಬ್ಬರಿಯನ್ನು ಎಚ್ಚರದಿಂದ ತೂಗಿಸುವ ನಾವು ತಿಂಗಳಿಗೊಮ್ಮೆ ಕೂಸನ್ನೂ ತೂಗಿಸೋಣ.