ಎಳೆಯರ ಹಾಡು ಗೆಲ್ಲಲೆಂಬ ಹಂಬಲ

ಮನೆಯಲ್ಲಿ ಹದಿನಾಲ್ಕು ಹದಿನೈದರ ಪ್ರಾಯದ ಮಕ್ಕಳಿರುವ ಗೃಹಸ್ಥರಿಗೆ ಈ ದೃಶ್ಯವು ಹೊಸದಲ್ಲ. ಹೊಸ ಹಾಡೊಂದು ಹೊರಬಂದಿತೆಂದರೆ ಮಗಳು ಅದನ್ನು ಮೊಬೈಲಿನಲ್ಲಿ ಹತ್ತು ಸಲ ಕೇಳುವಳು. ಇದರಲ್ಲಿ ಸೋಜಿಗವೇನೂ ಇಲ್ಲ. ಇಂಪಾದುದನ್ನು ಮತ್ತೆ ಮತ್ತೆ ಕೇಳಬಯಸುವುದು ಮನುಷ್ಯಸ್ವಭಾವವೇ ಸರಿ. ಸೋಜಿಗವಿರುವುದು ಅದರ ಮುಂದಿನ ವ್ಯಾಪಾರದಲ್ಲಿ. ಆ ಹಾಡನ್ನು ಎಷ್ಟು ಲಕ್ಷ ಮಂದಿ ಕೇಳಿದರೆಂದು ಗಳಿಗೆಗೊಮ್ಮೆ ನೋಡುವಳು. ನೀವೂ ಕೇಳಿರೆಂದು ಗೆಳತಿಯರನ್ನು ಕಾಡುವಳು. ಲೆಕ್ಕವು ಏರಿದರೆ ತಾನೇ ಪರೀಕ್ಷೆಯಲ್ಲಿ ತೇರ್ಗಡೆಯಾದಂತೆ ಹಿಗ್ಗುವಳು, ಏರದಿದ್ದರೆ ಮುಖ ಬಾಡಿಸಿಕೊಂಡು ಕೂರುವಳು. ಹಾಡಿದವರು ನೆಂಟರಲ್ಲ, ಇಷ್ಟರಲ್ಲ. ಹಾಡು ಗೆದ್ದರೆ ಈಕೆಗೆ ಒಂದು ಕಾಸೂ ಬಾರದು. ಹೀಗಿರುವಲ್ಲಿ ಈ ಹಂಬಲವು ಯಾತಕ್ಕೆ? ಇದನ್ನು ಮಕ್ಕಳಾಟವೆಂದು ತಳ್ಳಿಹಾಕುವುದಕ್ಕೆ ಮೊದಲು ನಾವು ಸ್ವಲ್ಪ ವಿಚಾರ ಮಾಡತಕ್ಕದ್ದು ಯುಕ್ತ.

ಮೊದಲನೆಯದಾಗಿ, ಈ ಹಂಬಲವು ಮೊಬೈಲಿನೊಡನೆ ಹುಟ್ಟಿದುದಲ್ಲ. ನಮ್ಮ ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ನಾಟಕ ಸಂಘವು ಹುಟ್ಟಿ, ಮುಂದೆ ವೀರಣ್ಣನವರ ಕಾಲದಲ್ಲಿ ನಾಡೆಲ್ಲ ಹೆಸರಾಯಿತಷ್ಟೆ. ಕಂಪೆನಿ ನಾಟಕಗಳ ಆ ಯುಗದಲ್ಲಿ ಒಂದು ಹಾಡು ಹಿಡಿಸಿತೆಂದರೆ ಸಭಿಕರು "ಒನ್ಸ್ ಮೋರ್" ಎಂದು ಕೂಗಿ, ಕಥೆಯನ್ನು ಅಲ್ಲಿಗೇ ನಿಲ್ಲಿಸಿ, ನಟನಿಂದ ಮತ್ತೊಮ್ಮೆ ಹಾಡಿಸುತ್ತಿದ್ದರು. ಸತ್ತು ಬಿದ್ದ ಪಾತ್ರವೂ ಎದ್ದು ಹಾಡಬೇಕಾಗುತ್ತಿತ್ತೆಂದು ಹಿರಿಯರು ನಗುತ್ತ ಹೇಳುವುದುಂಟು. ಆ ಕೂಗಿನಲ್ಲಿ ಹಾಡನ್ನು ಕೇಳುವ ಆಸೆಯೊಂದೇ ಇರಲಿಲ್ಲ. ಗೆಲುವನ್ನು ತಾವೇ ಕೊಟ್ಟೆವೆಂಬ ಹೆಮ್ಮೆಯೂ ಇತ್ತು.

ಅನಂತರ ರೇಡಿಯೋ ಬಂದಿತು. 1952ರಲ್ಲಿ ಸಿಲೋನ್ ರೇಡಿಯೋದಿಂದ ಅಮೀನ್ ಸಯಾನಿಯವರ ಬಿನಾಕಾ ಗೀತಮಾಲೆಯು ಮೊದಲಾಗಿ, ಸಿನಿಮಾ ಹಾಡುಗಳಿಗೆ ವಾರವಾರವೂ ಅಂತಸ್ತನ್ನು ಕಟ್ಟಿತು. ಗ್ರಾಮಾಫೋನ್ ತಟ್ಟೆಗಳ ಮಾರಾಟವನ್ನೂ ಶ್ರೋತೃಸಂಘಗಳ ಅಭಿಪ್ರಾಯವನ್ನೂ ನೋಡಿ ಆ ಅಂತಸ್ತನ್ನು ನಿರ್ಣಯಿಸುತ್ತಿದ್ದರು. ಇಂದಿನ ಝಾರ್ಖಂಡದಲ್ಲಿರುವ ಝುಮ್ರಿ ತಿಲೈಯಾ ಎಂಬ ಅಭ್ರಕದ ಗಣಿಯ ಸಣ್ಣ ಊರು, ಕೋರಿಕೆಯ ಹಾಡುಗಳಿಗಾಗಿ ಅಲ್ಲಿನವರು ಬರೆದ ಕಾಗದಗಳಿಂದಲೇ ದೇಶವಿಖ್ಯಾತವಾಯಿತು. ಹಾಡಿಗೆ ಮೊದಲು ತಮ್ಮ ಹೆಸರೂ ಊರಿನ ಹೆಸರೂ ಗಾಳಿಯಲ್ಲಿ ತೇಲಿಬರಬೇಕೆಂಬುದೇ ಅವರ ಆಸೆ. ಅಂಚೆಯ ಕಾರ್ಡು ಹೋಗಿ ಮೊಬೈಲಿನ ಗುಂಡಿ ಬಂದಿತೆಂಬುದನ್ನು ಬಿಟ್ಟರೆ ಮನಸ್ಸು ಒಂದೇ.

ಇನ್ನು ನಮ್ಮ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡಗಳ ಸೀಮೆಗೆ ಬರೋಣ. ಇದು ಮಳೆ ಕಡಮೆಯಾದರೂ ಹಾಡಿಗೆ ಬರವಿಲ್ಲದ ನೆಲ. ಸಿರಾ ಸೀಮೆಯ ಕಾಡುಗೊಲ್ಲರು ಗಣೆಯೆಂಬ ಉದ್ದನೆಯ ಬಿದಿರ ಕೊಳಲನ್ನು ನುಡಿಸುತ್ತ ಜುಂಜಪ್ಪನ ಕಥೆಯನ್ನು ತಲೆಮಾರುಗಳಿಂದ ಹಾಡಿಕೊಂಡು ಬಂದಿದ್ದಾರೆ. ಆ ಹಾಡಿಗೆ ಮೊದಲನೆಯ ಸ್ಥಾನ, ಎರಡನೆಯ ಸ್ಥಾನವೆಂಬುದಿಲ್ಲ. ಅದು ಅವರ ದೈವದ ಹಾಡು. ಅದನ್ನು ಗೆಲ್ಲಿಸುವವರೂ ಸೋಲಿಸುವವರೂ ಯಾರು? ಸ್ಪರ್ಧೆಯೆಂಬುದು ಈಚಿನದು.

ಆ ಸ್ಪರ್ಧೆಯ ವೇದಿಕೆಗೂ ಈ ಸೀಮೆಯ ದನಿ ಒಮ್ಮೆ ಏರಿತು. ಮಧುಗಿರಿಯ ದಂಡಿನ ಮಾರಮ್ಮನ ಗುಡಿಯ ಮುಂದೆ ಹಾಡಿ ಜೀವಿಸುತ್ತಿದ್ದ, ಅದೇ ತಾಲ್ಲೂಕಿನ ಡಿ.ವಿ. ಹಳ್ಳಿಯ ಕಣ್ಣು ಕಾಣದ ಅಕ್ಕತಂಗಿಯರು 2020ರಲ್ಲಿ ಜೀ ಕನ್ನಡದ 'ಸರಿಗಮಪ' ಕಾರ್ಯಕ್ರಮದಲ್ಲಿ ಹಾಡಿದರು. ಗುಡಿಯ ಮುಂದೆ ಅವರನ್ನು ದಾಟಿಹೋಗುತ್ತಿದ್ದ ದನಿಯೇ ಟೀವಿಯಲ್ಲಿ ಬಂದಾಗ ನಾಡೆಲ್ಲ ಕಿವಿಗೊಟ್ಟಿತು. ನಟ ಜಗ್ಗೇಶರ ನೆರವಿನಿಂದ ಅವರಿಗೊಂದು ಮನೆಯೂ ಆಯಿತು. ಅದಕ್ಕೆ ಸ್ವಲ್ಪ ಹಿಂದೆ, 2018–19ರಲ್ಲಿ, ಹಾವೇರಿ ಜಿಲ್ಲೆಯಲ್ಲಿ ಕುರಿ ಕಾಯುತ್ತಿದ್ದ ತರುಣ ಹನುಮಂತ ಅದೇ ವೇದಿಕೆಯಲ್ಲಿ ಹಾಡಿ ಎರಡನೆಯ ಸ್ಥಾನವನ್ನು ಪಡೆದನು. ಸಂಗೀತಪಾಠವಿಲ್ಲದ ಆ ಹುಡುಗನ ಪರವಾಗಿ ಹಳ್ಳಿಹಳ್ಳಿಯ ಜನರು ಹಾರೈಸಿದರು. ಗೆದ್ದವನಿಗಿಂತ ಎರಡನೆಯವನ ಹೆಸರೇ ಅನೇಕರ ಬಾಯಲ್ಲಿ ಉಳಿಯಿತು.

ಜನರು ಹಾರೈಸಿದುದು ಕೇವಲ ಇಂಪಿಗಾಗಿಯೇ? ಅಲ್ಲವೆಂದು ತೋರುತ್ತದೆ. "ನಮ್ಮಂಥವನೊಬ್ಬನು ಅಲ್ಲಿ ನಿಂತಿದ್ದಾನೆ, ಅವನು ಗೆದ್ದರೆ ನಮ್ಮ ನುಡಿಯೂ ನಮ್ಮ ಉಡುಗೆಯೂ ಗೆದ್ದಂತೆ" ಎಂಬುದೇ ಒಳಗಿನ ಭಾವ. ಅಮೆರಿಕೆಯ ಚಾಲ್ಡೀನಿ ಎಂಬ ಮನಶ್ಶಾಸ್ತ್ರಜ್ಞರೂ ಅವರ ಸಂಗಡಿಗರೂ 1976ರಲ್ಲಿ ಈ ಭಾವವನ್ನು ಪರೀಕ್ಷಿಸಿ ಪ್ರಕಟಿಸಿದರು. ತಮ್ಮ ವಿಶ್ವವಿದ್ಯಾಲಯದ ತಂಡವು ಚೆಂಡಾಟದಲ್ಲಿ ಗೆದ್ದ ಮೇಲೆ ವಿದ್ಯಾರ್ಥಿಗಳು ವಿದ್ಯಾಲಯದ ಗುರುತುಳ್ಳ ಅಂಗಿಯನ್ನು ಹೆಚ್ಚಾಗಿ ತೊಟ್ಟು ಬರುತ್ತಿದ್ದರು. ಗೆದ್ದ ಆಟವನ್ನು ಹೇಳುವಾಗ "ನಾವು ಗೆದ್ದೆವು" ಎಂದೂ, ಸೋತ ಆಟವನ್ನು ಹೇಳುವಾಗ "ಅವರು ಸೋತರು" ಎಂದೂ ಹೇಳುವ ಒಲವು ಅವರಲ್ಲಿ ಕಂಡಿತು. ಗೆಲುವಿನ ಬೆಳಕಿನಲ್ಲಿ ನಾವೂ ಸ್ವಲ್ಪ ಮೈ ಕಾಯಿಸಿಕೊಳ್ಳುತ್ತೇವೆ.

ಹರೆಯದಲ್ಲಿ ಈ ಭಾವವು ಇಮ್ಮಡಿಯಾಗುವುದಕ್ಕೆ ಕಾರಣವುಂಟು. ಆ ವಯಸ್ಸಿನ ಮಗುವಿಗೆ ಸ್ವಂತದ್ದೆಂಬುದು ಬಹಳ ಕಡಮೆ. ಉಡುವ ಬಟ್ಟೆ ತಂದೆಯದು, ಉಣ್ಣುವ ಅನ್ನ ತಾಯಿಯದು, ಓದುವ ಪಾಠ ಶಾಲೆಯದು. ಮೆಚ್ಚಿದ ಹಾಡೊಂದು ಮಾತ್ರ ತಾನೇ ಆರಿಸಿಕೊಂಡದ್ದು. ಪಾವಗಡದ ಕಡೆ ಆಂಧ್ರದ ಗಡಿಯು ಹೆಚ್ಚುಕಡಮೆ ಸುತ್ತಲೂ ಇರುವುದರಿಂದ ಅಲ್ಲಿನ ಅನೇಕ ಮನೆಗಳಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಅಂಥ ಮನೆಯ ಮಗು ಯಾವ ಭಾಷೆಯ ಹಾಡನ್ನು ತನ್ನದೆಂದು ಹಿಡಿಯುವುದೆಂಬುದು ತಾನು ಯಾರೆಂಬ ಪ್ರಶ್ನೆಗೆ ಒಂದು ಉತ್ತರವೂ ಹೌದು. ಆ ಹಾಡನ್ನು ಯಾರೂ ಕೇಳಲಿಲ್ಲವೆಂದರೆ ತನ್ನ ಆಯ್ಕೆಯೇ ತಪ್ಪೆಂದಂತೆ. ಎಲ್ಲರೂ ಕೇಳಿದರೆಂದರೆ ತನ್ನ ಕಿವಿಗೆ ಊರೇ ಸಾಕ್ಷಿ ನುಡಿದಂತೆ. ಆದುದರಿಂದ ಮಗುವು ಗೆಲ್ಲಲೆಂದು ಹಾರೈಸುವುದು ಹಾಡಿನೊಳಗೆ ಅಡಗಿರುವ ತನ್ನನ್ನೇ. ಹಾಡಿದವರೂ ಹರೆಯದವರಾದರೆ ಈ ನಂಟು ಇನ್ನೂ ಹತ್ತಿರದ್ದು. ತನ್ನ ಓರಗೆಯವರೊಬ್ಬರನ್ನು ಲೋಕವು ಲೆಕ್ಕಕ್ಕೆ ತೆಗೆದುಕೊಂಡಿತೆಂಬುದೇ ಎಳೆಯರಿಗೊಂದು ಆಶ್ವಾಸನೆ.

ಹೀಗೆ ಹರೆಯದಲ್ಲಿ ಅಂಟಿದ ಹಾಡು ಬಾಳಿನುದ್ದಕ್ಕೂ ಬಿಡದು. ಬಾಲಕ ಪುನೀತ್ ರಾಜ್‌ಕುಮಾರರು 1982ರ 'ಚಲಿಸುವ ಮೋಡಗಳು' ಚಿತ್ರಕ್ಕೆ ಹಾಡಿದಾಗ ಅವರಿಗೆ ಏಳರ ಪ್ರಾಯ. ಅಂದು ಆ ಎಳೆಯ ದನಿಯನ್ನು ಮೆಚ್ಚಿದ ಮಕ್ಕಳು ಇಂದು ಮನೆಯ ಯಜಮಾನರು. 2021ರ ಅಕ್ಟೋಬರ್ 29ರಂದು ಪುನೀತರು ಅಗಲಿದಾಗ ಅವರಲ್ಲಿ ಎಷ್ಟೋ ಮಂದಿ ಅತ್ತುದು ಒಬ್ಬ ನಟನಿಗಾಗಿ ಮಾತ್ರವಲ್ಲ, ಆ ದನಿಯೊಡನೆ ಕಳೆದ ತಮ್ಮ ಬಾಲ್ಯಕ್ಕಾಗಿಯೂ ಅಹುದು.

ಇಷ್ಟರ ಮಟ್ಟಿಗೆ ಹಂಬಲವು ನಿರ್ಮಲವಾದುದೇ. ಆದರೆ ಇದರ ಮಗ್ಗುಲಲ್ಲಿ ಒಂದು ಮೋಸವುಂಟು. ಅದು ಲೆಕ್ಕದ ಮೋಸ. 2006ರಲ್ಲಿ ಅಮೆರಿಕೆಯ ಮೂವರು ವಿದ್ವಾಂಸರು, ಸಾಲ್ಗಾನಿಕ್, ಡಾಡ್ಸ್, ವಾಟ್ಸ್ ಎಂಬವರು, ಒಂದು ಪ್ರಯೋಗವನ್ನು ಪ್ರಕಟಿಸಿದರು. ಹದಿನಾಲ್ಕು ಸಾವಿರಕ್ಕೂ ಮೇಲ್ಪಟ್ಟ ಜನರಿಗೆ, ಅವರಲ್ಲಿ ಬಹುಮಂದಿ ಎಳೆಯರು, ಹೆಸರು ಕೇಳದ ತಂಡಗಳ 48 ಹಾಡುಗಳನ್ನು ಕೊಟ್ಟರು. ಒಂದು ಗುಂಪಿನವರು ಇತರರ ಆಯ್ಕೆಯನ್ನು ಕಾಣದೆ ತಮ್ಮ ಕಿವಿಯನ್ನೇ ನಂಬಿ ಆರಿಸಬೇಕಾಗಿತ್ತು. ಉಳಿದವರನ್ನು ಎಂಟು ಗುಂಪುಗಳಾಗಿ ಮಾಡಿ, ಪ್ರತಿ ಗುಂಪಿಗೂ ಆ ಗುಂಪಿನವರು ಯಾವ ಹಾಡನ್ನು ಎಷ್ಟು ಸಲ ಇಳಿಸಿಕೊಂಡರೆಂಬ ಲೆಕ್ಕವನ್ನು ತೋರಿಸಿದರು. ಫಲವೇನಾಯಿತು? ಕಿವಿಯನ್ನೇ ನಂಬಿದವರಲ್ಲಿ 26ನೆಯ ಸ್ಥಾನದಲ್ಲಿದ್ದ ಒಂದು ಹಾಡು ಒಂದು ಗುಂಪಿನಲ್ಲಿ ಮೊದಲನೆಯದಾಯಿತು, ಇನ್ನೊಂದರಲ್ಲಿ 40ನೆಯದಾಯಿತು! ತೀರ ಒಳ್ಳೆಯದು ಕೆಳಕ್ಕೆ ಬೀಳುವುದೂ ತೀರ ಕೆಟ್ಟದು ಮೇಲಕ್ಕೇರುವುದೂ ಅಪರೂಪ. ಮಧ್ಯಮವಾದುವುಗಳ ಹಣೆಬರಹವನ್ನು ಮಾತ್ರ ಮೊದಲು ಬಂದ ಕೆಲವರ ಆಯ್ಕೆಯೇ ಬರೆಯಿತು.

ಅಭಿಮಾನಿಗಳು ಈ ಮರ್ಮವನ್ನು ಪಂಡಿತರ ಹಂಗಿಲ್ಲದೆ ತಿಳಿದಿದ್ದಾರೆ. ಕೊರಿಯಾ ದೇಶದ ಬಿಟಿಎಸ್ ಎಂಬ ಏಳು ಮಂದಿ ತರುಣರ ತಂಡವು 2020ರ ಆಗಸ್ಟಿನಲ್ಲಿ ಹೊರತಂದ 'ಡೈನಮೈಟ್' ಎಂಬ ಹಾಡು ಯೂಟ್ಯೂಬಿನಲ್ಲಿ ಒಂದೇ ದಿನದೊಳಗೆ ಹತ್ತು ಕೋಟಿಗೂ ಮಿಕ್ಕ ವೀಕ್ಷಣೆಯನ್ನು ಪಡೆದು, ಅಮೆರಿಕೆಯ ಬಿಲ್‌ಬೋರ್ಡ್ ಪಟ್ಟಿಯಲ್ಲಿ ನೇರವಾಗಿ ಮೊದಲನೆಯ ಸ್ಥಾನಕ್ಕೆ ಬಂದಿತು. ಅಭಿಮಾನಿಗಳು ದೇಶದೇಶಗಳಲ್ಲಿ ಕೂಡಿಕೊಂಡು ಹಾಡನ್ನು ಮತ್ತೆ ಮತ್ತೆ ಹಾಕಿದುದು ಇದಕ್ಕೊಂದು ಮುಖ್ಯ ಕಾರಣ. ಲೆಕ್ಕವನ್ನು ಕಂಡು ಕೇಳುಗರು ಬರುವರು, ಕೇಳುಗರಿಂದ ಲೆಕ್ಕವು ಏರುವುದು. ಮೊದಲ ನೂಕನ್ನು ಕೊಟ್ಟವರಿಗೆ ರಥವನ್ನು ಎಳೆದ ಸಂತೋಷ. ಜಾತ್ರೆಯ ತೇರಿನ ಹಗ್ಗಕ್ಕೆ ಕೈ ಹಚ್ಚಿದವರಿಗೆ ಈ ಸಂತೋಷವನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಆದರೆ ತೇರು ನಿಂತ ಮೇಲೆ ಹಗ್ಗವನ್ನು ಬಿಟ್ಟು ಎಲ್ಲರೂ ಮನೆಗೆ ಹೋಗುವರು. ನಮ್ಮ ಮನಸ್ಸಿಗೆ ಹತ್ತುವ ಮಾತು ಇದೇ. ಹಾಡುವ ಎಳೆಯರ ಗೆಲುವಿನಲ್ಲಿ ನಾವು "ನಾವು" ಎನ್ನುತ್ತೇವೆ. ಅವರು ಸೋತ ದಿನ, ಅವರ ಕೊರಳು ಒಡೆದ ದಿನ, ಮತ್ತೊಂದು ಹೊಸ ಮುಖ ಬಂದ ದಿನ, ಅದೇ ನಾಲಗೆಯಿಂದ "ಅವರು" ಎನ್ನುತ್ತೇವೆ. ಇಷ್ಟು ಪ್ರೀತಿಯನ್ನು ಕೊಟ್ಟು ಇಷ್ಟು ಬೇಗ ಹಿಂದೆಗೆದುಕೊಂಡರೆ ಹದಿನೈದರ ಹೃದಯವು ಅದನ್ನು ಹೇಗೆ ತಾಳೀತು? ಮಧುಗಿರಿಯ ಅಕ್ಕತಂಗಿಯರಿಗೆ ದೊರೆತ ಮನೆಯು ಕಾರ್ಯಕ್ರಮವು ಮುಗಿದ ಮೇಲೂ ನಿಂತಿತು. ಚಪ್ಪಾಳೆಯು ಅಂದೇ ಅಡಗಿತು. ಹಾರೈಕೆಯು ಚಪ್ಪಾಳೆಯಂತಲ್ಲದೆ ಮನೆಯಂತಿರಬೇಕೆಂಬುದನ್ನು ಇದರಿಂದ ಕಲಿಯಬಹುದು.

ಹಾಗಾದರೆ ಗೃಹಸ್ಥರು ಮಾಡತಕ್ಕದ್ದೇನು? ಮಗುವಿನ ಹಂಬಲವನ್ನು ಗೇಲಿಮಾಡಬಾರದು. ಗೇಲಿಮಾಡಿದರೆ ಹಾಡನ್ನಲ್ಲ, ಮಗುವನ್ನೇ ಹಳಿದಂತಾಗುವುದು. ಒಮ್ಮೆ ಪಕ್ಕದಲ್ಲಿ ಕುಳಿತು ಆ ಹಾಡನ್ನು ಕೇಳಿ, "ಇದರಲ್ಲಿ ನಿನಗೆ ಏನು ಹಿಡಿಸಿತಮ್ಮ?" ಎಂದು ಕೇಳಿರಿ. ಲೆಕ್ಕವನ್ನು ಮರೆಮಾಡಿ, ಹೆಸರು ಹೇಳದೆ ಎರಡು ಹಾಡುಗಳನ್ನು ಕೇಳಿಸಿ, ಕಿವಿಯ ತೀರ್ಪನ್ನು ಕೇಳುವುದೂ ಒಳ್ಳೆಯ ಆಟವೇ. ನಿದ್ರೆಯನ್ನೂ ಪಾಠವನ್ನೂ ಕೆಡಿಸಿ ಲೆಕ್ಕವನ್ನು ಏರಿಸುವ ಚಾಕರಿಯನ್ನು ಮಾತ್ರ ಮಿತವಾಗಿ ತಡೆಯಿರಿ. ಊರ ಗುಡಿಯ ಮುಂದೆ, ಶಾಲೆಯ ಅಂಗಳದಲ್ಲಿ, ಭಜನೆಯ ಮನೆಯಲ್ಲಿ ಹಾಡುವ ಎಳೆಯರನ್ನು ಟೀವಿಯು ತೋರಿಸುವುದಕ್ಕೆ ಮೊದಲೇ ನಿಂತು ಕೇಳುವ ಅಭ್ಯಾಸವನ್ನು ಮಕ್ಕಳಲ್ಲಿ ಬೆಳೆಸಿರಿ. ಗೆಲ್ಲಲೆಂದು ಹಾರೈಸುವುದು ಸುಲಭ. ಗೆದ್ದರೂ ಸೋತರೂ ಕೇಳುತ್ತಿರುವುದು ಕಷ್ಟ. ಹಾಡುವ ಮಗುವಿಗೆ ಬೇಕಾದುದು ಈ ಎರಡನೆಯದೇ.